ಹಂಪಿಯ ತೇರುಬೀದಿಯಲ್ಲಿದ್ದವರು ಎಲ್ಲಿ ಹೋದರು?

ಪ್ರಶ್ನೆ: ಮೇಷ್ಟ್ರೇ, ಈಚೆಗೆ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ವಿರೂಪಾಕ್ಷನ ಗುಡಿ ಮುಂದಿನ ಬೀದಿ ಪೂರ್ತಿ ಖಾಲಿ. ನಾನು ಕಾಲೇಜಿನಲ್ಲಿದ್ದಾಗ ಅಲ್ಲೇ ಮಂಟಪದಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿಂದಿದ್ದೆ. ಅಲ್ಲಿದ್ದವರೆಲ್ಲ ಈಚೆಗೆ ಬಂದು ಸೇರಿಕೊಂಡವರು ಅಂತ ಯಾರೋ ಹೇಳಿದರು. ನಿಜವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ನೆನಪು ಸರಿಯಾಗಿದೆ ತಂಗಿ. 2011ರ ಜುಲೈ ಕೊನೆಯವರೆಗೂ ಅದು ಊರಿನ ಬೀದಿಯೇ. ಹೊಸಪೇಟೆಯಲ್ಲಿ ಮೇಷ್ಟ್ರಾಗಿದ್ದಾಗ ಆ ಬೀದಿಯ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಗುಡಿಯಿಂದ ಎದುರು ಬಸವಣ್ಣನವರೆಗೆ, ಅಂದರೆ ಆ ತುದಿಯ ಕಲ್ಲಿನ ನಂದಿಯವರೆಗೆ, ಬೀದಿ ಸುಮಾರು ಮುಕ್ಕಾಲು ಕಿಲೋಮೀಟರ್. ಎರಡೂ ಬದಿ ಕಲ್ಲಿನ ಕಂಬಸಾಲು, ಕೆಲವು ಕಡೆ ಮೇಲಂತಸ್ತು ಕೂಡ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬೀದಿಯ ಚೆಂದದ ಮನೆಗಳನ್ನು ಕಂಡು ಬರೆದಿದ್ದಾನೆ. ಯಾತ್ರಿಕರು ತಂಗಲು ಜಾಗ ಇತ್ತು, ದೊಡ್ಡವರಿಗೆ ಬೇರೆ ಮನೆಗಳಿದ್ದವು, ರಾಜನದೂ ಒಂದು ಅರಮನೆ ಇತ್ತು ಅನ್ನುತ್ತಾನೆ. ಅಂದರೆ ಇದು ಜನ ಇರಲಿ ಅಂತಲೇ ಕಟ್ಟಿದ ಬೀದಿ. ಕೃಷ್ಣ, ಅಚ್ಯುತರಾಯ, ವಿಠ್ಠಲ ಗುಡಿಗಳ ಮುಂದೆಯೂ ಇಂಥ ಬಜಾರುಗಳಿವೆ. 1565ರ ತಾಳಿಕೋಟೆ ಯುದ್ಧದ ನಂತರ ಅವೆಲ್ಲ ಪಾಳುಬಿದ್ದವು. ವಿರೂಪಾಕ್ಷನಿಗೆ ಮಾತ್ರ ಇಂದಿಗೂ ಪೂಜೆ ಇದೆ. ಪೂಜೆ ಇದ್ದಲ್ಲಿ ಯಾತ್ರಿಕರು, ಯಾತ್ರಿಕರಿದ್ದಲ್ಲಿ ಕಾಯಿ, ಹೂವು, ಊಟದ ಅಂಗಡಿ. ಅಷ್ಟೇ ಲೆಕ್ಕ.

ನಾವು ಕಂಡ ಕುಟುಂಬಗಳು ವಿಜಯನಗರದ ಕಾಲದವಲ್ಲ, ಅದು ನಿಜ. ಹೆಚ್ಚಿನವರು ಕೆಲವು ತಲೆಮಾರಿನ ಹಿಂದೆ ಬಂದವರು. ಕಂಬಗಳ ನಡುವೆ ಗೋಡೆ ಎಬ್ಬಿಸಿ, ಸುಣ್ಣ ಬಳಿದು, ಬಾಗಿಲು ಕೂರಿಸಿಕೊಂಡಿದ್ದರು. ಬೆಳಗಿನ ಹೊತ್ತು ಹೆಂಗಸರು ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದರು. ಒಂದು ಮನೆಯಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ತೊಟ್ಟಿಲು ತೂಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಪಕ್ಕದಲ್ಲೇ ಬಾಡಿಗೆ ಸೈಕಲ್, ಲಂಬಾಣಿ ಕಸೂತಿಯ ಚೀಲ, ಚಹಾ. ನನ್ನ ವಿದ್ಯಾರ್ಥಿಗಳು ಶಾಲೆಯಲ್ಲಿ ಕನ್ನಡ ಓದಿ, ಸಂಜೆ ಅಂಗಡಿಯಲ್ಲಿ ಕೂತು ಫ್ರೆಂಚರ ಜೊತೆ ಫ್ರೆಂಚಿನಲ್ಲೇ ಚೌಕಾಸಿ ಮಾಡುತ್ತಿದ್ದರು!

ಕಲ್ಲಿಗೆ ಹಾನಿಯಾಗಿದ್ದೂ ಹೌದು. ಮೊಳೆ, ಸಿಮೆಂಟು, ಒಲೆಯ ಹೊಗೆ, ಯಾವುದನ್ನೂ ನಾನು ಸಮರ್ಥಿಸುವುದಿಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಕಾಪಾಡಲೇಬೇಕು. ಆದರೆ 2011ರ ಆ ಜುಲೈ ಕೊನೆಗೆ ಬೀದಿಯ ಮನೆ, ಅಂಗಡಿ ತೆರವು ಮಾಡಿದ ರೀತಿ ಸರಿಯಿರಲಿಲ್ಲ. ಜೆಸಿಬಿ ಬಂದಾಗ ಪಾತ್ರೆ ಪಗಡಿ ಹೊರಗಿಡಲೂ ಹಲವರಿಗೆ ಪುರುಸೊತ್ತು ಸಿಗಲಿಲ್ಲ. ಬದಲಿ ಜಾಗ ತೋರಿಸಿದ್ದು ಸುಮಾರು 4 ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ. ಯಾತ್ರಿಕರನ್ನೇ ನಂಬಿ ಬದುಕಿದವರು ಅಲ್ಲಿ ಕೂತು ಏನು ಮಾರಬೇಕು, ಹೇಳಿ? ಗೋಡೆ ತೆಗೆದು, ಹಗಲು ಹೊತ್ತು ಕಾಯಿ, ಹೂವಿನ ವ್ಯಾಪಾರಕ್ಕಾದರೂ ಮಂಟಪ ಬಿಟ್ಟುಕೊಡಬಹುದಿತ್ತು ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಮುಂದಿನ ಸಲ ಚೈತ್ರದ ತೇರಿಗೆ ಬನ್ನಿ. ಆ ದಿನ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೋಗುವಾಗ ಕಡ್ಡಿರಾಂಪುರದಲ್ಲಿ ಇಳಿದು ಹಿರಿಯರನ್ನು ಮಾತಾಡಿಸಿ. ತಮ್ಮ ಮನೆ ಯಾವ ಮಂಟಪದಲ್ಲಿತ್ತು ಅಂತ ಎಡಗಡೆ, ಬಲಗಡೆ ಎಣಿಸಿ ಹೇಳುತ್ತಾರೆ. ಮಕ್ಕಳಿಗೆ ಅದನ್ನು ಬರೆದುಕೊಳ್ಳಲು ಹೇಳಿ.