ಕುರ್ಚಿ ಹಂಚಿಕೊಂಡರೆ ಗುಂಪು ಕಲಿಕೆಯಾಗದು

ಪ್ರಶ್ನೆ: ವಿಜ್ಞಾನದ ತರಗತಿಯಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳನ್ನು ಕೂರಿಸುತ್ತೇನೆ. ಒಬ್ಬ ಮೌಸ್ ಹಿಡಿಯುತ್ತಾನೆ, ಉಳಿದವರು ಹರಟುತ್ತಾರೆ. ಗುಂಪು ಕಲಿಕೆ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆಯೇ?

ಉತ್ತರ: ಈ ದೂರು ಕೇಳಿ ಕೇಳಿ ಸಾಕಾಗಿದೆ. ಮೂವರಿಗೆ ನೀವು ಕೆಲಸವನ್ನೇ ಕೊಟ್ಟಿಲ್ಲ, ಹರಟದೆ ಇನ್ನೇನು ಮಾಡಿಯಾರು? ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗಬಾರದು, ಕೊನೆಗೆ ಪ್ರತಿಯೊಬ್ಬರೂ ತಾವೇ ಉತ್ತರ ಹೇಳಬೇಕು. ಇವೆರಡೂ ಇಲ್ಲದಿದ್ದರೆ ಅದು ಹೆಸರಿಗಷ್ಟೇ ಗುಂಪು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಶಿಕ್ಷಣ ಸಂಶೋಧಕರಾದ ಡೇವಿಡ್ ಮತ್ತು ರೋಜರ್ ಜಾನ್ಸನ್ ಸೋದರರು ಇದನ್ನೇ ದಶಕಗಳ ಕಾಲ ಹೇಳಿದರು. 1980ರ ದಶಕದಲ್ಲಿ ಅವರು ಕಂಪ್ಯೂಟರ್ ಪಾಠಗಳನ್ನೇ ಹೋಲಿಸಿ ನೋಡಿದಾಗ, ಕೂಡಿ ಕಲಿತವರು ಪೈಪೋಟಿಗಿಳಿದವರಿಗಿಂತಲೂ ಒಂಟಿಯಾಗಿ ಕಲಿತವರಿಗಿಂತಲೂ ಮುಂದಿದ್ದರು. ಪೈಪೋಟಿಗೆ ಬಿಟ್ಟ ಹುಡುಗಿಯರಿಗೆ ಕಂಪ್ಯೂಟರಿನ ಮೇಲಿನ ಒಲವೇ ಕುಗ್ಗಿತ್ತು.

ಸರಳ ಲೋಲಕದ, ಅಂದರೆ ದಾರಕ್ಕೆ ಕಟ್ಟಿ ತೂಗಿಸುವ ಗುಂಡಿನ, ಸಿಮ್ಯುಲೇಶನ್ (ಪರದೆಯ ಮೇಲಿನ ಅಣಕು ಪ್ರಯೋಗ) ತೆಗೆದುಕೊಳ್ಳಿ. ಪರದೆ ಮುಟ್ಟುವ ಮೊದಲು ನಾಲ್ವರೂ ಅವರವರ ಪುಸ್ತಕದಲ್ಲಿ ಬರೆಯಲಿ: ಗುಂಡಿನ ಭಾರ ಹೆಚ್ಚಿಸಿದರೆ ತೂಗಾಟದ ಅವಧಿ ಬದಲಾಗುತ್ತದೆಯೇ? ಆಮೇಲೆ ಮೌಸ್ ಹಿಡಿದವನು ಇತರರು ಹೇಳಿದ್ದನ್ನಷ್ಟೇ ಮಾಡಲಿ. ಒಬ್ಬಳು 10 ತೂಗಾಟದ (ಹೋಗಿ ಮರಳಿದರೆ ಒಂದು) ಸಮಯ ನೋಡಲಿ, ಇನ್ನೊಬ್ಬ ಬರೆದುಕೊಳ್ಳಲಿ. ನಾಲ್ಕನೆಯವಳ ಕೆಲಸ ತಕರಾರು ತೆಗೆಯುವುದು: "ಭಾರದ ಜೊತೆ ಉದ್ದವನ್ನೂ ಬದಲಿಸಿದ್ದೀಯ, ಇದು ಲೆಕ್ಕಕ್ಕಿಲ್ಲ." ಮುಂದೆ ಉದ್ದವನ್ನಷ್ಟೇ ಬದಲಿಸಲಿ. ದಾರದ ಉದ್ದ 25 ಸೆಂಟಿಮೀಟರ್ ಇದ್ದಾಗ 10 ತೂಗಾಟಕ್ಕೆ ಸುಮಾರು 10 ಸೆಕೆಂಡು. ಅದನ್ನು 20 ಸೆಕೆಂಡು ಮಾಡಲು ಉದ್ದ ಎಷ್ಟಿರಬೇಕು? ಐವತ್ತು ಎಂದು ಕೂಗುವವರೇ ಹೆಚ್ಚು. ಪರದೆ ಒಂದು ಮೀಟರ್ ಎನ್ನುತ್ತದೆ. ಅಲ್ಲಿ ಜಗಳ ಶುರುವಾಗುತ್ತದೆ, ದಯವಿಟ್ಟು ನಡುವೆ ಬಾಯಿ ಹಾಕಬೇಡಿ. ಕೊನೆಗೆ ಚೀಟಿ ಎತ್ತಿ, ಹೆಸರು ಬಂದವರು ವಿವರಿಸಲಿ. ಮುಂದಿನ ಪ್ರಯೋಗಕ್ಕೆ ಕೆಲಸ ಅದಲು ಬದಲಾಗಲಿ.

ಅಷ್ಟಕ್ಕೇ ಮುಗಿಸಬೇಡಿ. ದಾರಕ್ಕೆ ಕಲ್ಲು ಕಟ್ಟಿ ತೂಗಿಸಿ ಅಳೆಯಲಿ. ಪರದೆಯ ಅಂಕಿ ತೀರಾ ಚೊಕ್ಕ, ಅಳತೆಯಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂದು ಅದು ಕಲಿಸುವುದಿಲ್ಲ.

ಪ್ರಶ್ನೆ: ಕಂಪ್ಯೂಟರ್ ಕ್ವಿಜ್‌ನಲ್ಲಿ ಯಾರು ಮೊದಲೆಂಬ ಪಟ್ಟಿ ತೋರಿಸಿದರೆ ಮಕ್ಕಳಿಗೆ ಹುರುಪು ಬರುತ್ತದಲ್ಲ?

ಉತ್ತರ: ಮೇಲಿನ ಮೂವರಿಗೆ ಬರುತ್ತದೆ. ಏಕಮಾನ, ಸೂತ್ರ ಮೆಲುಕು ಹಾಕಲು ಕ್ವಿಜ್ ಇರಲಿ, ನನ್ನ ತಕರಾರಿಲ್ಲ. ಆದರೆ ತಂಡಗಳ ನಡುವೆ ಆಡಿಸಿ, ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಸೌಲಭ್ಯವನ್ನು ಆಫ್ ಮಾಡಿ. ಹೊಸ ಪರಿಕಲ್ಪನೆ ಕಲಿಸುವಾಗ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಯಾವ ಆ್ಯಪ್ ಅತ್ಯುತ್ತಮ?

ಉತ್ತರ: ಮೊದಲು ಪಾಠ ಯಾವುದು ಹೇಳಿ.

ಪ್ರಶ್ನೆ: ಎಡ ಮಿದುಳಿನವರು, ಬಲ ಮಿದುಳಿನವರು ಎಂದು ಪರೀಕ್ಷಿಸಿ ಗುಂಪು ಮಾಡಿಕೊಡುವ ತಂತ್ರಾಂಶ ಕೊಳ್ಳಬಹುದೇ?

ಉತ್ತರ: ಬೇಡ. ಮಕ್ಕಳಲ್ಲಿ ಹಾಗೆ ಎರಡು ಜಾತಿಯಿಲ್ಲ. ಆ ದುಡ್ಡಿಗೆ ಸ್ಟಾಪ್‌ವಾಚ್ ಕೊಳ್ಳಿ.