ನಿಮಗೆ ಇದು ಕೊನೆಯ ಊರು, ಆ ಮಕ್ಕಳಿಗೆ?

ಪ್ರಶ್ನೆ: ನನಗೆ 23 ವರ್ಷ. ಡಿಗ್ರಿ ಮುಗಿದ ಮೇಲೆ ಊರೂರು ಸುತ್ತಿ ಕೆಲಸ ಮಾಡುವ ಸ್ವಯಂಸೇವಕರ ತಂಡಕ್ಕೆ ಒಂದು ವರ್ಷಕ್ಕೆಂದು ಸೇರಿದೆ. ಹತ್ತು ಜನ, ಒಂದೇ ವ್ಯಾನು. ಆರೆಂಟು ವಾರಕ್ಕೊಮ್ಮೆ ಜಾಗ ಬದಲು. ನೆರೆ ನುಗ್ಗಿದ ಮನೆಗಳ ಕೆಸರು ಎತ್ತಿದ್ದೇವೆ, ಕಾಡಿನ ಕಾಲುದಾರಿ ಸರಿಮಾಡಿದ್ದೇವೆ. ಈಗ ಒಂದು ಶಾಲೆಯಲ್ಲಿದ್ದೇವೆ. ಇನ್ನು ಐದು ವಾರ ಇದೆ. ಮನಸ್ಸು ಕೆಲಸದಲ್ಲಿಲ್ಲ, ದಿನ ಎಣಿಸುತ್ತಿದ್ದೇನೆ. ಆದರೆ ಮುಗಿದೇಹೋಗುತ್ತೆ ಅಂತ ನೆನೆದರೆ ಅಳು ಬರುತ್ತದೆ. ತಂಡದವರ ಮೇಲೆ ಸಣ್ಣದಕ್ಕೂ ರೇಗುತ್ತೇನೆ. ಮುಂದಿನ ವರ್ಷ ತಂಡದ ನಾಯಕಿಯಾಗಿ ಬಾ ಅಂತ ಕರೆದಿದ್ದಾರೆ, ವಾರದೊಳಗೆ ಹೇಳಬೇಕು. ಮನೆಯವರು ‘ಸುತ್ತಿದ್ದು ಸಾಕು, ಕೆಲಸ ಹುಡುಕು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಯಾವಾಗ ಮುಗಿಯುತ್ತೋ ಅಂತ ದಿನ ಎಣಿಸುವುದು, ಮುಗಿಯುತ್ತಲ್ಲ ಅಂತ ಅಳುವುದು. ಎರಡೂ ಒಟ್ಟಿಗೆ ಆಗುತ್ತಿದೆ ಅಂತ ನಿಮಗೆ ಗಾಬರಿ ಆಗಿರಬೇಕು. ಗಾಬರಿ ಬೇಡ. ಇಷ್ಟು ತಿಂಗಳು ಬಾಗಿಲು ಹಾಕಿಕೊಂಡು ಒಬ್ಬರೇ ಕೂರಲು ನಿಮಗೆ ಒಂದು ಕೋಣೆ ಸಿಕ್ಕಿಲ್ಲ. ಮೈ ದಣಿದಿದೆ. ಆದರೆ ಮನಸ್ಸು ಆ ಒಂಬತ್ತು ಜನಕ್ಕೆ ಅಂಟಿಕೊಂಡಿದೆ. ರೇಗುವುದೂ ಅದಕ್ಕೇ ಇರಬೇಕು. ಜಗಳ ಆಡಿಕೊಂಡವರನ್ನು ಬಿಟ್ಟು ಹೋಗುವುದು ಸುಲಭ, ಅಲ್ವಾ? ಅಗಲುವ ಮುಂಚೆ ಎಷ್ಟೋ ಜನ ತಮಗೇ ಗೊತ್ತಿಲ್ಲದೆ ಹಾಗೆ ಮಾಡುತ್ತಾರೆ.

ನಾಯಕಿಯಾಗುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವ್ಯಾನು ಇದೆ, ಕೆಸರು ಇದೆ, ತಂಡದವರು ಇದ್ದಾರೆ. ನಾಯಕಿಯ ಕೆಲಸದ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಆ ಕೆಲಸವೇ ಬೇರೆ. ಲೆಕ್ಕ ಇಡಬೇಕು, ವರದಿ ಬರೆಯಬೇಕು, ಇಬ್ಬರು ಮಾತು ಬಿಟ್ಟರೆ ನಡುವೆ ಕೂರಬೇಕು. ಮುಂದಿನ ವರ್ಷ ಆ ವ್ಯಾನಿನಲ್ಲಿ ಈಗಿನವರು ಯಾರೂ ಇರುವುದಿಲ್ಲ, ಎಲ್ಲಾ ಹೊಸ ಮುಖಗಳು. ಅದನ್ನು ಕಣ್ಣ ಮುಂದೆ ತಂದುಕೊಂಡು ನೋಡಿ. ಆಗಲೂ ಹೋಗಬೇಕು ಅನ್ನಿಸಿದರೆ ಹೂಂ ಅನ್ನಿ, ಮನೆಯವರಿಗೆ ನಿಧಾನವಾಗಿ ಹೇಳೋಣ. ಆದರೆ ನನಗೆ ಅನ್ನಿಸುವುದು, ನಿಮಗೆ ಬೇಕಾಗಿರುವುದು ಇನ್ನೊಂದು ವರ್ಷ ಅಲ್ಲ, ಈ ವರ್ಷವೇ ಮುಗಿಯದಿರುವುದು. ಅದನ್ನು ಯಾರೂ ಕೊಡಲಾರರು. ಇನ್ನೆರಡು ವಾರ ಸಮಯ ಕೇಳಿ. ಕೊಡದಿದ್ದರೆ ಈ ಸಲ ಬೇಡ ಅನ್ನಿ.

ಸ್ನೇಹ ಕಳೆದುಹೋಗುತ್ತೆ ಅನ್ನುವ ಭಯವೂ ಇರಬಹುದು. ಅಮೆರಿಕದ ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ, ಇಬ್ಬರು ಆಪ್ತ ಸ್ನೇಹಿತರಾಗಲು ಸುಮಾರು 200 ಗಂಟೆಗೂ ಜಾಸ್ತಿ ಒಟ್ಟಿಗೆ ಕಳೆಯಬೇಕಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ನೀವು ಅಷ್ಟನ್ನು ಮೊದಲ ತಿಂಗಳಲ್ಲೇ ದಾಟಿದ್ದೀರಿ. ಇನ್ನು ಮುಂದೆ ದಿನವಿಡೀ ಜೊತೆ ಇರುವುದಿಲ್ಲ, ಅಷ್ಟೇ. ಒಂಬತ್ತೂ ಜನರ ಜೊತೆ ನಂಟು ಉಳಿಯದೆ ಇರಬಹುದು, ಇಬ್ಬರು ಮೂವರು ಉಳಿಯುತ್ತಾರೆ.

ಇದೆಲ್ಲಕ್ಕಿಂತ ನನಗೆ ಚಿಂತೆ ಆದದ್ದು ಶಾಲೆಯ ಬಗ್ಗೆ. ನಿಮಗೆ ಅದು ಕೊನೆಯ ಜಾಗ. ಆ ಮಕ್ಕಳ ಪಾಲಿಗೆ ನೀವು ಬಂದದ್ದು ಇದೊಂದೇ ಸಲ. ನೆರೆ ಬಂದ ಊರಿನಲ್ಲಿ ಹುಮ್ಮಸ್ಸಿನಿಂದ ದುಡಿದ ಹುಡುಗಿಯನ್ನು ಅವರು ನೋಡಿಲ್ಲ. ಈ ಐದು ವಾರದಲ್ಲಿ ಕಾಣುವ ನೀವೇ ಅವರಿಗೆ ಪೂರ್ತಿ ನೀವು. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಾನೂ ನಿಮ್ಮ ವಯಸ್ಸಿನಲ್ಲಿ ಇಂಥದ್ದೊಂದು ತಂಡದಲ್ಲಿದ್ದೆ. ಕೊನೆಯ ಜಾಗದಲ್ಲಿ ಪುಸ್ತಕಗಳ ಪಟ್ಟಿ ಬರೆಯುವ ಕೆಲಸ. ಅರ್ಧಕ್ಕೆ ಬಿಟ್ಟೆ. ಯಾವ ಕಪಾಟಿನವರೆಗೆ ಬರೆದಿದ್ದೇನೆ ಅಂತಲೂ ಹೇಳದೆ ಬಂದೆ. ಮುಂದೆ ಬಂದವರು ಮೊದಲ ಪುಸ್ತಕದಿಂದ ಮತ್ತೆ ಶುರು ಮಾಡಿದರಂತೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಯಾವ ಮಗು ಎಲ್ಲಿವರೆಗೆ ಓದಿದೆ, ಯಾರಿಗೆ ಜೋರಾಗಿ ಮಾತಾಡಿದರೆ ಹೆದರಿಕೆ, ಯಾವ ಕೆಲಸ ಅರ್ಧದಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ, ಎಲ್ಲಾ ಬರೆದು ಟೀಚರ್ ಕೈಗೆ ಕೊಡಿ. ಹೊರಡುವ ತಾರೀಖನ್ನು ಮಕ್ಕಳಿಗೆ ಎರಡು ವಾರ ಮುಂಚೆಯೇ ಹೇಳಿ. ‘ಮತ್ತೆ ಬರ್ತೀನಿ’ ಅಂತ ಮಾತ್ರ ಸುಮ್ನೆ ಹೇಳಬೇಡಿ. ದೊಡ್ಡವರು ಅದನ್ನು ಮರೆಯುತ್ತಾರೆ, ಮಕ್ಕಳು ಕಾಯುತ್ತಾರೆ.

ನಡುವೆ ಬಿಟ್ಟು ಹೊರಡುವ ಯೋಚನೆ ಬಂದರೆ ನಿಯಮಗಳನ್ನು ಒಮ್ಮೆ ಓದಿ. ಅಮೆರಿಕದಲ್ಲಿ ನಿಮ್ಮ ಹಾಗೇ ತಂಡ ಕಟ್ಟಿಕೊಂಡು ಊರೂರು ಸುತ್ತುವ ಯುವಕರಿಗಾಗಿ ಇದ್ದ ಅಮೆರಿಕಾರ್ಪ್ಸ್ ಎನ್‌ಸಿಸಿಸಿ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ 10 ತಿಂಗಳಲ್ಲಿ 1,700 ಗಂಟೆ ಪೂರೈಸಿದರೇನೇ ಓದಿಗೆ ಕೊಡುವ ನೆರವು ಪೂರ್ತಿ ಸಿಗುತ್ತಿತ್ತು. ನಿಮ್ಮದರಲ್ಲಿ ಹೇಗಿದೆ ನೋಡಿಕೊಳ್ಳಿ.

ಮನೆಗೆ ಹೋದ ಮೇಲಿನ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಹೊರದೇಶದಲ್ಲಿದ್ದು ವಾಪಸ್ ಬಂದವರ ಬಗ್ಗೆ ಗಲ್ಲಾಹಾರ್ನ್ ಎಂಬ ಸಂಶೋಧಕ ದಂಪತಿ 1963ರಲ್ಲಿ ಬರೆದಿದ್ದರು: ಹೋದ ಜಾಗದಲ್ಲಿ ಒಮ್ಮೆ ಮನಸ್ಸು ಕುಗ್ಗಿ ಏಳುತ್ತದೆ, ಮನೆಗೆ ಬಂದ ಮೇಲೆ ಮತ್ತೊಮ್ಮೆ ಕುಗ್ಗಿ ಏಳುತ್ತದೆ, ಡಬ್ಲ್ಯೂ ಅಕ್ಷರದ ಹಾಗೆ. ನಿಮಗೂ ಹಾಗೆ ಆಗಬಹುದು. ‘ಹೇಗಿತ್ತು?’ ಅಂತ ಕೇಳಿದವರು ಎರಡು ನಿಮಿಷದಲ್ಲಿ ಬೇರೆ ಮಾತಿಗೆ ಹೋಗುತ್ತಾರೆ. ಅದು ನೋವು ಕೊಡುತ್ತದೆ. ಮೊದಲ ತಿಂಗಳು ದೊಡ್ಡ ನಿರ್ಧಾರ ಬೇಡ. ವಾರಕ್ಕೊಮ್ಮೆ ತಂಡದ ಒಬ್ಬರಿಗಾದರೂ ಫೋನ್ ಮಾಡಿ. ನಿದ್ದೆ ಬಾರದೆ, ಏನೂ ಬೇಡ ಅನ್ನಿಸುವುದು ವಾರಗಟ್ಟಲೆ ಹಾಗೇ ಇದ್ದರೆ ಆಪ್ತ ಸಮಾಲೋಚಕರನ್ನು ಕಾಣಿ, ತಡ ಮಾಡಬೇಡಿ. ಕೆಲಸ ಹುಡುಕಲು ಬೇಕಾಗುವ ವಿವರಗಳನ್ನು, ಅಂದರೆ ಎಲ್ಲಿ ಏನು ಮಾಡಿದಿರಿ, ಏನು ಕಲಿತಿರಿ ಅನ್ನುವುದನ್ನು, ನೆನಪು ಹಸಿಯಾಗಿರುವಾಗ ಈಗಲೇ ಬರೆದಿಡಿ.

ಮೊದಲು, ಇವತ್ತು ಸಂಜೆ, ನಿನ್ನೆ ಮೊನ್ನೆ ಯಾರ ಮೇಲೆ ರೇಗಿದಿರೋ ಅವರ ಪಕ್ಕ ಹೋಗಿ ಕೂತುಕೊಳ್ಳಿ. ‘ಮುಗೀತಿದೆ ಅಂತ ಸಂಕಟ ಆಗ್ತಿದೆ, ಅದಕ್ಕೇ ಹಾಗಾಡಿದೆ’ ಅಂತ ಹೇಳಿ. ಅವರಿಗೂ ಇದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅಂತ ಅನ್ನಿಸುತ್ತಿರಬಹುದು.