ಒಬ್ಬ ಗಾಯಕರಿಗೆ ನಾವು ಅಭಿಮಾನಿಗಳಾಗುವುದು ಹೇಗೆ?

ಒಂದೇ ಹಾಡಿಗೆ ಅಭಿಮಾನಿ ಆಗಿಬಿಡುವವರು ಕಡಿಮೆ. ಮೊದಲು ಹಾಡು ಇಷ್ಟವಾಗುತ್ತದೆ, ಹಾಡಿದವರು ಯಾರು ಅಂತ ಎಷ್ಟೋ ಸಲ ಗೊತ್ತೂ ಇರುವುದಿಲ್ಲ. ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಾ ಬೀಳುತ್ತಾ ಹತ್ತಿರವಾಗುತ್ತದೆ. ಪದೇ ಪದೇ ಎದುರಾದದ್ದು ಇಷ್ಟವಾಗತೊಡಗುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ತೋರಿಸಿದ್ದರು. ಆದರೆ ಸುಮ್ನೆ ಕೇಳಿದ್ದಷ್ಟಕ್ಕೇ ಅಭಿಮಾನ ಹುಟ್ಟುವುದಿಲ್ಲ.

ನನ್ನ ಪ್ರಕಾರ ಎಲ್ಲ ಬದಲಾಗುವುದು ಆ ದನಿಯ ಗುರುತು ಹತ್ತಿದಾಗ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವಾಗ, ಚರಣಕ್ಕೆ ಮುಂಚೆ ಅವರು ಸಣ್ಣಗೆ ಉಸಿರು ಎಳೆದುಕೊಳ್ಳುವುದು, ಒಂದು ಪದದ ಕೊನೆಯಲ್ಲಿ ದನಿ ಚೂರು ನಡುಗುವುದು ಕೇಳಿಸುತ್ತದೆ ನೋಡಿ, ಆಗ ನನಗೋಸ್ಕರವೇ ಹಾಡುತ್ತಿದ್ದಾರೆ ಅನ್ನಿಸಿಬಿಡುತ್ತದೆ. ಪರಿಚಯವೇ ಇಲ್ಲದವರ ಜೊತೆ ಹೀಗೆ ಒಂದೇ ಕಡೆಯಿಂದ ಬೆಳೆಯುವ ನಂಟಿನ ಬಗ್ಗೆ ಹಾರ್ಟನ್ ಮತ್ತು ವೋಲ್ ಎಂಬ ಸಂಶೋಧಕರು 1956ರಲ್ಲೇ ಬರೆದಿದ್ದಾರೆ.

ಆಮೇಲೆ ಹಳೆಯ ಹಾಡು, ಸಂದರ್ಶನ, ಸಿಕ್ಕಿದ್ದನ್ನೆಲ್ಲ ಹುಡುಕುತ್ತೇವೆ. ನಮ್ಮ ಹಾಗೇ ಹುಚ್ಚು ಹಿಡಿಸಿಕೊಂಡವರು ಇನ್ನೊಂದಿಬ್ಬರು ಸಿಕ್ಕರಂತೂ ನಂಟು ಮತ್ತಷ್ಟು ಗಟ್ಟಿ. ಹರೆಯದಲ್ಲಿ ಇದೆಲ್ಲ ಜಾಸ್ತಿ. ಕಷ್ಟದ ದಿನಗಳಲ್ಲಿ ಜೊತೆಗಿದ್ದ ದನಿಯನ್ನು ಬಿಡುವುದು ಸುಲಭವಲ್ಲ, ಅಲ್ವಾ? ಅವರ ಹೊಸ ಹಾಡು ಬಂತು ಅಂದರೆ, ಹೇಗಿದೆಯೋ ಏನೋ ಅಂತ ಯೋಚಿಸುವ ಮೊದಲೇ ಪ್ಲೇ ಒತ್ತಿರುತ್ತೇವೆ.